ಮಂಗಳಾರತಿಯಲ್ಲಿ ಗಿಟಾರ್ ಸೋಲೋ

ನನ್ನ ಮೈದುನನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವವರು ನಮ್ಮ ಬೀದಿಯಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರ ಬಾಯಿಗೆ ನಾನು ಯಾಕೆ ಅಡ್ಡ ಬರಲಿ? ನಾನು ಹೇಳುವುದು ಇಷ್ಟೇ. ಐವತ್ತಾರು ದಾಟಿದ, ತಲೆ ಮುಕ್ಕಾಲು ನೆರೆತ, ಎರಡು ಹೊತ್ತು ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ ಒಬ್ಬ ಗಣಿತದ ಮೇಷ್ಟ್ರು, ಬೆಳಿಗ್ಗೆ ಸ್ನಾನ ಮಾಡಿ, ಕುಂಕುಮ ಇಟ್ಟು, ದೇವರಿಗೆ ಕೈ ಮುಗಿದು, ಆಮೇಲೆ ಎಲೆಕ್ಟ್ರಿಕ್ ಗಿಟಾರನ್ನು ಕೊರಳಿಗೆ ತಗುಲಿಸಿಕೊಂಡು ಕಣ್ಣು ಮುಚ್ಚಿ ನಿಲ್ಲುವುದನ್ನು ನೋಡಬೇಕೆಂದರೆ ಇಡೀ ಚಿಕ್ಕಬಳ್ಳಾಪುರದಲ್ಲಿ ನಮ್ಮ ಮನೆಗೇ ಬರಬೇಕು!

ಇಂಥವನನ್ನು ಈ ವರ್ಷ ನಾನೇ ಕೈ ಹಿಡಿದು ರಾಮಮಂದಿರದ ಶನಿವಾರದ ಭಜನೆಗೆ ಕರೆದುಕೊಂಡು ಹೋದೆ. ಹೋಗಲೇಬೇಕಾಯಿತು. ನಲವತ್ತು ವರ್ಷದಿಂದ ಅಲ್ಲಿ ಮಂಗಳಾರತಿ ಹಾಡು ಹೇಳುತ್ತಿರುವವರು ನಮ್ಮ ಅತ್ತೆ, ಅಂದರೆ ಅವನ ತಾಯಿ. ತವರೂರು ಕೈವಾರದ ಕಡೆಯಿಂದ ತಂದ ಹಾಡು ಅದು, ಅರ್ಧ ತೆಲುಗು, ಅರ್ಧ ಕನ್ನಡ. ಅವರನ್ನು ಬಿಟ್ಟರೆ ಇನ್ನೊಬ್ಬರಿಗೆ ಪೂರ್ತಿ ಬರುವುದಿಲ್ಲ. ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ ಅವರು ಹದಿನೈದು ದಿನ ಆಸ್ಪತ್ರೆಯಲ್ಲಿ ಮಲಗಿದ್ದರು. ದೇವರು ದೊಡ್ಡವನು, ಎದ್ದು ಬಂದರು. ಆದರೆ ಉಸಿರು ಮಾತ್ರ ಅರ್ಧ ಅಲ್ಲೇ ಉಳಿದುಹೋಯಿತು. ಒಂದು ಚರಣ ಹೇಳುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಹಾಡಿಗೋ ಮೂರು ಚರಣ! ಆ ಹಾಡು ಅವರ ಕೈಬಿಟ್ಟು ಹೋಗುತ್ತದೋ ಉಳಿಯುತ್ತದೋ ಅನ್ನುವ ಹೊತ್ತಿನಲ್ಲಿ ನನಗೆ ಈ ಮಹಾಶಯ ನೆನಪಾದ.

ಅದಕ್ಕೆ ಮೊದಲು ಈ ಮಹಾಶಯ ಎಂಥವನು ಅಂತ ನಿಮಗೆ ಗೊತ್ತಾಗಬೇಕು.

ಕಾಲೇಜಿನಲ್ಲಿದ್ದಾಗ ಯಾರೋ ಗೆಳೆಯ ಒಂದು ಇಂಗ್ಲಿಷ್ ರಾಕ್ ಹಾಡುಗಳ ಕ್ಯಾಸೆಟ್ ಕೊಟ್ಟನಂತೆ. ಇವನು ಕೇಳಿದ. ಅಲ್ಲಿಗೆ ಮುಗಿಯಿತು. ಹಾಡಿನ ಮಾತು ಇವತ್ತಿಗೂ ಅವನಿಗೆ ಗೊತ್ತಿಲ್ಲ, ಅದು ಬೇಕಾಗಿಯೂ ಇಲ್ಲ. ಅವನಿಗೆ ಬೇಕಾದದ್ದು ನಡುವೆ ಬರುವ ಸೋಲೋ ಒಂದೇ. ಸೋಲೋ ಅಂದರೆ, ಹಾಡುವವನು ಬಾಯಿ ಮುಚ್ಚಿ ಹಿಂದೆ ಸರಿಯುತ್ತಾನಂತೆ, ಗಿಟಾರಿನವನು ಮುಂದೆ ಬಂದು ಒಬ್ಬನೇ ನುಡಿಸುತ್ತಾನಂತೆ, ಜನ ಉಸಿರು ಬಿಗಿಹಿಡಿದು ಕೇಳುತ್ತಾರಂತೆ. ನಮ್ಮ ಮನೆಯಲ್ಲಿ ಆ ಮೂರನೆಯದೊಂದು ಆಗಲೇ ಇಲ್ಲ. ಎಲ್ಲರೂ ಕಿವಿಗೆ ಹತ್ತಿಯೇ ಹುಡುಕಿದರು.

ನುಡಿಸುವಾಗ ಅವನ ಮುಖ ನೋಡಬೇಕು ನೀವು! ಹುಬ್ಬು ಮೇಲೆ, ತುಟಿ ಓರೆ, ಕುತ್ತಿಗೆ ಹಿಂದೆ. ಎದುರು ಮನೆಗೆ ಹೊಸದಾಗಿ ಬಂದ ಹೆಂಗಸು ಕಿಟಕಿಯಿಂದ ಎರಡು ದಿನ ನೋಡಿದಳು. ಮೂರನೇ ದಿನ ಕಾಗದದ ಪೊಟ್ಟಣ ಹಿಡಿದುಕೊಂಡು ಬಂದಳು.

"ಅಕ್ಕ, ಓಂಕಾಳು ತಂದಿದ್ದೀನಿ. ಬಿಸಿನೀರಲ್ಲಿ ಕೊಡಿ. ಪಾಪ, ದಿನಾ ಬೆಳಿಗ್ಗೆ ಅವ್ರಿಗೆ ಹೊಟ್ಟೆ ಎಷ್ಟು ನೋಯುತ್ತೋ ಏನೋ!"

ನಾನು ಕೊಟ್ಟೆ. ಅವನು ಕುಡಿದೂ ಬಿಟ್ಟ. "ಚೆನ್ನಾಗಿದೆ ಅತ್ತಿಗೆ, ಕೈ ಹಗುರ ಆಯ್ತು" ಅಂದ. ಇಂಥವನನ್ನು ಏನು ಮಾಡುತ್ತೀರಿ?

ಮದುವೆ ಪ್ರಯತ್ನ ಮಾಡಲಿಲ್ಲ ಅಂದುಕೊಳ್ಳಬೇಡಿ. ಚಿಂತಾಮಣಿಗೆ ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿ ಲಕ್ಷಣವಾಗಿದ್ದಳು, ಒಂದು ದೇವರನಾಮ ಹೇಳಿದಳು. ಪಲ್ಲವಿ ಮುಗಿಸಿ ಚರಣಕ್ಕೆ ಹೋಗುವ ಮುನ್ನ ಒಂದು ಗಳಿಗೆ ನಿಂತಳು, ಅಷ್ಟೇ. ಇವನು ಕೈ ಎತ್ತಿದ.

"ಇಲ್ಲಿ, ಇಲ್ಲಿ! ಇಲ್ಲೊಂದು ಎರಡು ನಿಮಿಷದ ಗಿಟಾರ್ ಸೋಲೋ ಬರ್ಬೇಕಿತ್ತು!"

ಹುಡುಗಿಯ ತಂದೆ ನಮ್ಮವರ ಕಡೆ ವಾಲಿ, "ಏಮಂಟಾಡು ಅಬ್ಬಾಯಿ?" ಅಂತ, ಹುಡುಗ ಏನಂತಾನೆ ಅಂತ ತೆಲುಗಿನಲ್ಲಿ ಮೆಲ್ಲಗೆ ಕೇಳಿದರು. ನಮ್ಮವರು ಎರಡು ಸಲ ಕೆಮ್ಮಿ, "ಹಾಡು ಚೆನ್ನಾಗಿತ್ತಂತೆ" ಅಂದರು. ಸಂಬಂಧ ಕುದುರಲಿಲ್ಲ. ಉಪ್ಪಿಟ್ಟು ಮಾತ್ರ ಹದವಾಗಿತ್ತು, ಹೋದದ್ದಕ್ಕೆ ಅಷ್ಟು ಲಾಭ.

ಆಗಿನ ಕಾಲದಲ್ಲಿ ಇವನು ಒಂದು ಆರ್ಕೆಸ್ಟ್ರಾದಲ್ಲಿದ್ದ. ಗಣೇಶನ ಹಬ್ಬ ಬಂತೆಂದರೆ ಇವತ್ತು ಶಿಡ್ಲಘಟ್ಟ, ನಾಳೆ ಗೌರಿಬಿದನೂರು. ಸಿನಿಮಾ ಹಾಡಿನ ನಡುವೆ ಇವನ ಸೋಲೋ ಶುರುವಾದರೆ ಹಾಡುವವರು ಮೈಕು ಇಟ್ಟು, ನೀರು ಕುಡಿದು, ಪ್ರಸಾದ ತಿಂದು, ಕೈ ತೊಳೆದು ಬರುವಷ್ಟು ಪುರುಸೊತ್ತು! ಶಿಡ್ಲಘಟ್ಟದಲ್ಲಿ ಒಮ್ಮೆ ಇವನು ಕಣ್ಣು ಮುಚ್ಚಿ ಉಚ್ಛ್ರಾಯದಲ್ಲಿದ್ದಾಗ ಕಮಿಟಿಯವರು ಇನ್ನೊಂದು ಮೈಕಿನಲ್ಲಿ, "ಬಿಳಿ ಕಾರು ಯಾರದ್ದು ಸ್ವಾಮಿ, ಗೇಟಿಗೆ ಅಡ್ಡ ನಿಲ್ಸಿದ್ದೀರ, ಬೇಗ ತೆಗೀರಿ" ಅಂತ ಕೂಗಿದರು. ಕಾರಿನವನು ಬಂದ, ತೆಗೆದ, ಹೋದ. ಸೋಲೋ ಇನ್ನೂ ನಡೆದೇ ಇತ್ತು.

ಆಮೇಲೆ ಕಾಲ ಬದಲಾಯಿತು. ಅದರ ಚರಿತ್ರೆಯನ್ನು ಅವನು ನನಗೆ ಕನಿಷ್ಠ ನೂರು ಸಲ ಹೇಳಿದ್ದಾನೆ, ಅಡುಗೆಮನೆ ಬಾಗಿಲಿಗೆ ಒರಗಿಕೊಂಡು. ಮೊದಲು ಸೋಲೋ ಹಾಡಿನ ಜೀವವಾಗಿತ್ತಂತೆ. ಆಮೇಲೆ ಯಾರ ಬೆರಳು ಎಷ್ಟು ಬೇಗ ಓಡುತ್ತದೆ ಅನ್ನುವ ಪಂದ್ಯವಾಯಿತಂತೆ. ಆಮೇಲೆ ಬಂದ ಹುಡುಗರಿಗೆ ಸೋಲೋ ನುಡಿಸುವುದೇ ಜಂಬ, ನಾಚಿಕೆಗೇಡು ಅನ್ನಿಸಿತಂತೆ. ಈಗಂತೂ ಹಾಡೇ ಮೂರು ನಿಮಿಷ ಇರುವುದಿಲ್ಲ, ನಡುವೆ ಗಿಟಾರ್ ಬಂದರೆ ಜನ ಫೋನಿನ ಮೇಲೆ ಬೆರಳು ಸರಿಸಿ ಮುಂದಕ್ಕೆ ಹೋಗುತ್ತಾರಂತೆ.

"ಹಂಗಾದ್ರೆ ಸೋಲೋ ಸತ್ತೇ ಹೋಯ್ತೇನಪ್ಪ?" ಅಂತ ಸೊಪ್ಪು ಬಿಡಿಸುತ್ತಾ ಕೇಳಿದೆ.

"ಅದೇ ನೋಡಿ ಅತ್ತಿಗೆ ಬೇಜಾರು. ಸತ್ತೂ ಇಲ್ಲ. ಈಗ ಚಿಕ್ಕ ಚಿಕ್ಕ ಮಕ್ಕಳು ಮನೇಲಿ ಕೂತ್ಕೊಂಡು ಬರೀ ಸೋಲೋ ಬಾರ್ಸಿ ಫೋನಲ್ಲಿ ಹಾಕ್ತಾವೆ. ಹಿಂದೆ ಹಾಡಿಲ್ಲ, ಮುಂದೆ ಹಾಡಿಲ್ಲ. ಉಪ್ಪಿನಕಾಯಿನ ಅನ್ನ ಇಲ್ದೆ ನೆಕ್ಕಿದಂಗೆ!"

"ನಾನು ನೆಕ್ತೀನಲ್ಲಪ್ಪ!"

"ನಿಮ್ಹತ್ರ ಮಾತಾಡಿ ಪ್ರಯೋಜನ ಇಲ್ಲ" ಅಂತ ಹೋದ. ಐದು ನಿಮಿಷಕ್ಕೆ ಮಹಡಿಯಿಂದ ಕೊರೆತ ಶುರುವಾಯಿತು. ಹತ್ತು ನಿಮಿಷಕ್ಕೆ ಕರೆಂಟು ಹೋಯಿತು. ಕರೆಂಟಿಲ್ಲದಿದ್ದರೆ ಆ ಗಿಟಾರಿನ ಸದ್ದು ಸೊಳ್ಳೆಯಷ್ಟೇ. ನಮ್ಮ ಬೀದಿಯಲ್ಲಿ ಎಲ್ಲರೂ ಕರೆಂಟು ಹೋದರೆ ಬೈಯುತ್ತಾರೆ, ನಾನೊಬ್ಬಳು ದೇವರಿಗೆ ಕೈ ಮುಗಿಯುತ್ತೇನೆ.

ಆರ್ಕೆಸ್ಟ್ರಾ ಬಿಟ್ಟ ಕಥೆಯೂ ಒಂದು ಮಾತಿನದು. ವಾದ್ಯದವರನ್ನೆಲ್ಲ ಕೈಬಿಟ್ಟು ಲ್ಯಾಪ್‌ಟಾಪಿನಲ್ಲಿ ಟ್ರ್ಯಾಕ್ ಹಾಕಿ ಹಾಡುವುದು ಶುರುವಾದಾಗ ಮಾಲೀಕರು ಇವನನ್ನು ಕರೆದು, "ಸೋಲೋ ಅದ್ರೊಳಗೇ ಇದೆ ಸಾರ್. ನೀವು ನಿಂತ್ಕೊಂಡು ಸುಮ್ನೆ ಕೈ ಆಡ್ಸಿ ಸಾಕು, ಸ್ಟೇಜು ತುಂಬಿದಂಗೆ ಕಾಣುತ್ತೆ" ಅಂದರಂತೆ. ಒಂದು ದಿನ ಆಡಿಸಿದ. ಟ್ರ್ಯಾಕಿನಲ್ಲಿ ಸೋಲೋ ಮುಗಿದು ಹಾಡು ಶುರುವಾದರೂ ಇವನ ಕೈ ನಿಲ್ಲಲಿಲ್ಲವಂತೆ. ಜನ ಶಿಳ್ಳೆ ಹೊಡೆದರು. ಮಾರನೆಯ ದಿನದಿಂದ ಹೋಗಲಿಲ್ಲ. ಅದಕ್ಕಿಂತ ಹೆಚ್ಚು ಅವನನ್ನು ನೋಯಿಸಿದ್ದು ಹಾಡುಗಾರ ಬೀಳ್ಕೊಡುವಾಗ ಆಡಿದ ಮಾತು.

"ಏನಂದ ಗೊತ್ತಾ ಅತ್ತಿಗೆ? 'ನೀವಿದ್ದಾಗ ಉಸಿರು ತಗೊಳ್ಳೋಕೆ ಟೈಮ್ ಸಿಗ್ತಿತ್ತು ಸಾರ್' ಅಂದ! ಮೂವತ್ತು ವರ್ಷ ನಾನು ಬಾರ್ಸಿದ್ದು ಅವನು ಉಸಿರಾಡೋಕಾ?"

ಈ ಮಾತನ್ನು ಅವನು ಮತ್ತೆ ಎತ್ತಿದ್ದು ಅತ್ತೆ ಆಸ್ಪತ್ರೆಯಿಂದ ಬಂದ ಮೇಲೆ, ಒಂದು ಶುಕ್ರವಾರ. ನಾನು ಬತ್ತಿ ಹೊಸೆಯುತ್ತಿದ್ದವಳು ಕೈ ನಿಲ್ಲಿಸಿದೆ.

ಯಾಕೆಂದರೆ ಹಿಂದಿನ ಶನಿವಾರ ಮಂದಿರದಲ್ಲಿ ಅತ್ತೆ ಎರಡನೇ ಚರಣಕ್ಕೆ ನಿಂತುಬಿಟ್ಟಿದ್ದರು. ನಮ್ಮಲ್ಲಿ ಮಂಗಳಾರತಿ ಎತ್ತಿದ ಮೇಲೆ ಇಳಿಸುವ ತನಕ ಹಾಡು ನಿಲ್ಲಬಾರದು. ಒಬ್ಬರೇ ಹೇಳುವುದು ವಾಡಿಕೆ. ಹಾರ್ಮೋನಿಯಂ ನುಡಿಸುವ ಟೀಚರಮ್ಮ ಹಾಡುವವರ ಹಿಂದೆ ಹಿಂದೆಯೇ ಹೋಗುವವರು, ಅತ್ತೆ ನಿಂತರೆ ಅವರೂ ನಿಂತರು. ಅರ್ಚಕರು ತಟ್ಟೆ ಹಿಡಿದು ಇಳಿಸಬೇಕೋ ಬೇಡವೋ ಅಂತ ತಬ್ಬಿಬ್ಬಾದರು. ಭಜನೆ ಮುಗಿದ ಮೇಲೆ ಟೀಚರಮ್ಮ ಅತ್ತೆಯ ಪಕ್ಕ ಕೂತು, "ಅಮ್ಮ, ಇಷ್ಟು ವರ್ಷ ಹೇಳಿದ್ರಿ. ಇನ್ಮೇಲೆ ಕೂತು ಕೇಳಿ. ನಾವು ಬೇರೆ ಹಾಡು ಹೇಳ್ಕೊಳ್ತೀವಿ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಅತ್ತೆ "ಆಗ್ಲಮ್ಮ" ಅಂದರು. ಮನೆಗೆ ಬಂದು ಆ ರಾತ್ರಿ ಊಟಕ್ಕೆ ಏಳಲಿಲ್ಲ.

ನಾನು ಮೈದುನನಿಗೆ ಹೇಳಿದೆ. "ಉಸಿರು ತಗೊಳ್ಳೋಕೆ ಟೈಮ್ ಕೊಟ್ರೆ ಅದೇನು ಸಣ್ಣ ಕೆಲ್ಸನೇನಪ್ಪ? ನಿಮ್ಮಮ್ಮನಿಗೆ ಈಗ ಬೇಕಾಗಿರೋದೇ ಅದು."

ಅವನು ನನ್ನನ್ನೇ ನೋಡಿದ. ಮಹಡಿಗೆ ಹೋಗಿ ಸ್ಪೀಕರ್ ಡಬ್ಬದ ಧೂಳು ಒರೆಸಿದ.

ಟೀಚರಮ್ಮನನ್ನು ಒಪ್ಪಿಸಲು ನನಗೆ ಅರ್ಧ ದಿನ ಹಿಡಿಯಿತು. "ರಾಮನ ಮುಂದೆ ಗಿಟಾರಾ?" ಅಂದರು. "ಹಾರ್ಮೋನಿಯಂ ಏನು ಅಯೋಧ್ಯೆಯಿಂದ ಬಂದಿತ್ತಾ ಟೀಚರಮ್ಮ?" ಅಂದೆ. ನಕ್ಕರು. ಒಂದು ಶನಿವಾರ ನೋಡೋಣ ಅಂದರು.

ಆ ಶನಿವಾರ ನಡೆದದ್ದನ್ನು ನೆನೆದರೆ ಇವತ್ತಿಗೂ ನನ್ನ ಮುಖ ಬಿಸಿಯಾಗುತ್ತದೆ! ಅತ್ತೆ ಮೊದಲ ಚರಣ ಮುಗಿಸಿದರು. ಇವನು ಶುರು ಮಾಡಿದ. ಕಣ್ಣು ಮುಚ್ಚಿದ, ಹುಬ್ಬು ಏರಿಸಿದ, ಮೂವತ್ತು ವರ್ಷದ ಬಾಕಿಯನ್ನೆಲ್ಲ ತೀರಿಸುವವನ ಹಾಗೆ ಮೇಲೆ ಮೇಲೆ ಹತ್ತಿದ. ಅತ್ತೆ ಉಸಿರು ತೆಗೆದುಕೊಂಡರು, ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಇವನಿಗೆ ಲೋಕವೇ ಇಲ್ಲ. ಕೊನೆಗೆ ಒಂದು ಸ್ವರವನ್ನು ಎಂಥ ಗತ್ತಿನಲ್ಲಿ ನಿಲ್ಲಿಸಿದನೆಂದರೆ, ಎಲ್ಲ ಮುಗಿಯಿತು ಅಂದುಕೊಂಡು ಅರ್ಚಕರು ಗಂಟೆ ಬಾರಿಸಿ ಆರತಿ ಇಳಿಸಿಯೇಬಿಟ್ಟರು! ಹೆಂಗಸರು ಎದ್ದರು, ತೀರ್ಥದ ಸಾಲು ಬೆಳೆಯಿತು. ಅತ್ತೆ ಎರಡು ಚರಣವನ್ನು ಬಾಯಲ್ಲೇ ಇಟ್ಟುಕೊಂಡು ಕೂತಿದ್ದರು.

ದಾರಿಯಲ್ಲಿ ಅತ್ತೆ ಒಂದೇ ಮಾತು ಹೇಳಿದರು. "ಲೋ, ನೀನು ಬಾರ್ಸೋವಾಗ ಯಾರನ್ನೋ ನೋಡ್ತೀಯ?"

ಅವನು ಗಿಟಾರನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಮುಂದೆ ನಡೆದ.

ಟೀಚರಮ್ಮನ ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಬೇಡಿಕೊಂಡು ಇನ್ನೊಂದೇ ಶನಿವಾರ ಕೇಳಿದೆ. ಇದೂ ಕೆಟ್ಟರೆ ಅತ್ತೆಯ ಹಾಡು ಅಲ್ಲಿಗೆ ಮುಗಿದಂತೆ. ಆ ವಾರವೆಲ್ಲ ಮಹಡಿಯಿಂದ ಸದ್ದೇ ಬರಲಿಲ್ಲ. ಕರೆಂಟಿತ್ತು. ಅತ್ತೆಯ ಕೋಣೆಗೆ ಇಣುಕಿದರೆ, ಮಗ ಗಿಟಾರನ್ನು ಪಕ್ಕಕ್ಕಿಟ್ಟು ತಾಯಿಯ ಎದುರು ಕೂತಿದ್ದ. ಅವರು ಗುನುಗುತ್ತಿದ್ದರು. ಅವನು ಅವರ ಭುಜ ಏರುವುದನ್ನು, ಇಳಿಯುವುದನ್ನು ನೋಡುತ್ತಿದ್ದ.

ಶನಿವಾರ ಬಂತು. ಮೊದಲ ಚರಣ ಆಯಿತು. ಅವನು ನುಡಿಸಿದ್ದು ನಾಲ್ಕೇ ನಾಲ್ಕು ಸ್ವರ, ಮೆಲ್ಲಗೆ, ತೊಟ್ಟಿಲು ತೂಗಿದ ಹಾಗೆ. ಕಣ್ಣು ತೆರೆದೇ ಇತ್ತು. ಅತ್ತೆ ಗಲ್ಲ ಎತ್ತಿದ ಕೂಡಲೇ ಕೈ ತೆಗೆದ. ಎರಡನೇ ಚರಣವೂ ಹಾಗೇ ಆಯಿತು. ಮೂರನೆಯದಕ್ಕೆ ಮುಂಚೆ ಅತ್ತೆಯ ಉಸಿರು ಬರಲಿಲ್ಲ. ಭುಜ ಏರುತ್ತದೆ, ಇಳಿಯುತ್ತದೆ, ದನಿ ಇಲ್ಲ. ಅವನು ನುಡಿಸಿದ. ಟೀಚರಮ್ಮ ನನ್ನ ಕಡೆ ನೋಡಿದರು. ಅವನು ನುಡಿಸುತ್ತಲೇ ಇದ್ದ. ಅದೇ ನಾಲ್ಕು ಸ್ವರ, ಹಿಂದೆ ಮುಂದೆ ಮಾಡಿಕೊಂಡು, ಎಲ್ಲಿಯೂ ಮುಗಿಯಗೊಡದೆ. ಅರ್ಚಕರು ತಟ್ಟೆಯನ್ನು ಬಲಗೈಗೆ ಎಡಗೈ ಆನಿಸಿ ಹಿಡಿದು ಬೆಳಗುತ್ತಲೇ ಇದ್ದರು. ಅಷ್ಟು ಹೆಂಗಸರಲ್ಲಿ ಒಬ್ಬರೂ ಮಿಸುಕಲಿಲ್ಲ. ನಾನು ಮನಸ್ಸಿನಲ್ಲೇ, ಅಪ್ಪಾ ರಾಮಚಂದ್ರ, ಇನ್ನೇನೂ ಕೇಳುವುದಿಲ್ಲ, ಇದೊಂದು ಉಸಿರು ಕೊಡು ಅಂದೆ.

ಅತ್ತೆ ಗಲ್ಲ ಎತ್ತಿದರು. ಅವನ ಬೆರಳು ತಂತಿಯ ಮೇಲೆ ಹೋದದ್ದು ಹೋದ ಹಾಗೇ, ಸ್ವರದ ಅರ್ಧಕ್ಕೇ ನಿಂತಿತು. ಮೂರನೇ ಚರಣ ಸಣ್ಣಗೆ, ನಡುಗುತ್ತಾ, ಕೊನೆಯವರೆಗೂ ಬಂತು.

ಆರತಿ ತಟ್ಟೆ ನಮ್ಮ ಕಡೆ ಬಂದಾಗ ಅತ್ತೆ ಎರಡೂ ಅಂಗೈಯನ್ನು ದೀಪದ ಮೇಲೆ ಬೆಚ್ಚಗೆ ಮಾಡಿಕೊಂಡರು. ಕಣ್ಣಿಗೆ ಒತ್ತಿಕೊಳ್ಳಲಿಲ್ಲ. ಪಕ್ಕಕ್ಕೆ ತಿರುಗಿ ಮಗನ ಬೆರಳುಗಳನ್ನು ಹಿಡಿದರು.

"ಯಾಕೋ ಕೈ ಇಷ್ಟು ತಣ್ಣಗಿದೆ?"

"ಭಯ ಆಗ್ಬಿಟ್ಟಿತ್ತಮ್ಮ" ಅಂದ.