ಸೇಬಿಗೆ ಹತ್ತಿದ ಕೆಂಪು

ಲ್ಯಾಬಿನವರು ಫೋನ್ ಮಾಡಿದಾಗ ಕೇಕಣ್ಣ ಸ್ನಾನಕ್ಕೆ ಹೋಗಿದ್ದ. ಫೋನ್ ಎತ್ತಿದವಳು ಹೆಂಡತಿ. ಆ ದಿನ ಅವನು ಪಟ್ಟ ಪಾಡಿಗೆಲ್ಲ ಇಷ್ಟೇ ಕಾರಣ.

ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದರೆ ಅವಳು ಬಾಗಿಲಿಗೆ ಅಡ್ಡ ನಿಂತಿದ್ದಳು.

“ಶುಗರ್ ಮತ್ತೆ ಏರಿದೆಯಂತೆ. ಹೋದ ಸಲಕ್ಕಿಂತ ಜಾಸ್ತಿ.”

“ಅದ್ಹೇಗೆ? ಮಾತ್ರೆ ನುಂಗ್ತಿದೀನಿ, ವಾಕಿಂಗ್ ಹೋಗ್ತಿದೀನಿ...”

“ನಾನೂ ಅದನ್ನೇ ಕೇಳ್ತಿರೋದು. ಏನು ತಿಂದ್ರಿ?”

“ನೀನು ಬಡಿಸಿದ್ದನ್ನೇ ತಿಂದೆ ಕಣೇ.”

“ಅದು ಮನೇಲಿ. ಅಂಗಡೀಲಿ?”

ಬೇರೆ ಯಾವ ಗಂಡಸಾದರೂ ಈ ಪ್ರಶ್ನೆಗೆ ಸಲೀಸಾಗಿ ಉತ್ತರ ಕೊಡುತ್ತಿದ್ದ. ಆದರೆ ಕೇಕಣ್ಣನ ಕೆಲಸವೇ ಬೇಕರಿಯಲ್ಲಿ ಕೇಕಿನ ಮೇಲೆ ಕ್ರೀಮಿನಲ್ಲಿ ಹೆಸರು ಬರೆಯುವುದು. ಸಕ್ಕರೆ ಕಾಯಿಲೆ ಗೊತ್ತಾದ ದಿನದಿಂದ ಅವನು ಬೆರಳಿಗಂಟಿದ ಕ್ರೀಮನ್ನು ಕೂಡ ನೆಕ್ಕದೆ ಏಪ್ರನ್ನಿಗೆ ಒರೆಸಿಕೊಳ್ಳುತ್ತಿದ್ದ. ಇದು ಸತ್ಯ. ಆದರೆ ಮೀನಿನ ತೊಟ್ಟಿ ಕಾಯಲು ಕೂತ ಬೆಕ್ಕು ‘ನಾನು ಉಪವಾಸ’ ಎಂದರೆ ನಂಬುವವರು ಯಾರು?

ಮಾತು ಕಿಟಕಿ ದಾಟಿ ಪಕ್ಕದ ಮನೆಗೆ ಹೋಯಿತು. ಅಲ್ಲಿದ್ದವರು ಇನ್‌ಸ್ಪೆಕ್ಟರ್ ಮಾವ. ನೌಕರಿಯಲ್ಲಿದ್ದಾಗ ಅವರು ತಪಾಸಣೆ ಮಾಡಿದ್ದು ಅಂಗಡಿಗಳ ತಕ್ಕಡಿ ಮತ್ತು ತೂಕದ ಕಲ್ಲುಗಳನ್ನು ಮಾತ್ರ. ಒಬ್ಬ ಕಳ್ಳನನ್ನೂ ಹಿಡಿಯದೆ ನಿವೃತ್ತಿಯಾದ ಕೊರಗು ಅವರಿಗಿತ್ತು.

“ನೀನು ಯೋಚನೆ ಮಾಡ್ಬೇಡಮ್ಮ,” ಎಂದರು ಚಪ್ಪಲಿ ಮೆಟ್ಟುತ್ತಲೇ. “ಇವತ್ತು ಪೂರ್ತಿ ನಾನು ಇವನ ಜೊತೆಗಿರ್ತೀನಿ.”

ಬೇಕರಿಯಲ್ಲಿ ಮಾವ ಕುರ್ಚಿ ಎಳೆದುಕೊಂಡು ಕೇಕಣ್ಣನ ಎದುರಿಗೇ ಕೂತರು. ಅವನ ಕೈ ಕುತ್ತಿಗೆಯಿಂದ ಮೇಲಕ್ಕೆ ಹೋದರೆ ಸಾಕು, ಕೆಮ್ಮುತ್ತಿದ್ದರು. ಮೂಗು ತುರಿಸಿದರೂ ಕೆರೆದುಕೊಳ್ಳುವ ಹಾಗಿಲ್ಲ.

“ನಿಜ ಹೇಳಪ್ಪ, ತಿಂದಿದೀಯಾ?”

“ತಿಂದಿಲ್ಲ ಮಾವ.”

“ಒಂದು ಚೂರೂ?”

“ತಿಂದಿಲ್ಲ ಅಂದ್ನಲ್ಲ!”

“ಅಂಚು ಕತ್ತರಿಸಿದಾಗ ಉದುರೋ ಪುಡಿ?”

“ತಿಂದಿಲ್ಲ, ತಿಂದಿಲ್ಲ, ತಿಂದಿಲ್ಲ!”

ಬಾಯಲ್ಲಿದ್ದದ್ದು ಕೈಗೂ ಇಳಿಯಿತು. ಯಾರದೋ ಮದುವೆಯ ಬೆಳ್ಳಿಹಬ್ಬದ ಕೇಕು ಅದು. ದಂಪತಿಗಳ ಹೆಸರಿನ ಕೆಳಗೆ, ಗುಲಾಬಿ ಬಣ್ಣದ ಕ್ರೀಮಿನಲ್ಲಿ, ದುಂಡು ಅಕ್ಷರದಲ್ಲಿ ಅವನು ‘ತಿಂದಿಲ್ಲ’ ಎಂದು ಬರೆದುಬಿಟ್ಟಿದ್ದ.

ಯಜಮಾನರು ಬೈಯಲಿಲ್ಲ. ಕೇಕನ್ನೊಮ್ಮೆ, ಕೇಕಣ್ಣನನ್ನೊಮ್ಮೆ ನೋಡಿ, “ಇವತ್ತಿಗೆ ಬ್ರೆಡ್ ಕತ್ತರಿಸೋ ಕಡೆ ಹೋಗು,” ಎಂದರು. ಇಷ್ಟು ವರ್ಷ ಹೆಸರು ಬರೆದ ಕೈ, ಹೆಸರೇ ಇಲ್ಲದ ಬ್ರೆಡ್ಡುಗಳ ಮುಂದೆ ನಿಂತಿತು.

ಮಧ್ಯಾಹ್ನ ಹೆಂಡತಿ ಊಟದ ಡಬ್ಬಿ ತಂದಳು. ಜೊತೆಗೊಂದು ಸೇಬು. ಕೇಕಣ್ಣ ಮೆತ್ತಗಿದ್ದದ್ದನ್ನೆಲ್ಲ ತಿಂದು ಸೇಬನ್ನು ಪಕ್ಕಕ್ಕಿಟ್ಟ.

“ಯಾಕೆ ಬೇಡ?” ಎಂದರು ಮಾವ. “ಹೊಟ್ಟೆ ಮೊದಲೇ ತುಂಬಿತ್ತೋ?”

ಎಲ್ಲರ ಕಣ್ಣೂ ಅವನ ಮೇಲೆ. ಕೇಕಣ್ಣ ಕಣ್ಣು ಮುಚ್ಚಿ ಸೇಬನ್ನು ಕಚ್ಚಿದ. ಕಚ್ಚಿದ ಜಾಗದಲ್ಲಿ, ಬಿಳಿ ತಿರುಳಿನ ಮೇಲೆ, ಕೆಂಪಗೆ ಹತ್ತಿತ್ತು.

“ಜಾಮ್!” ಮಾವ ಕುರ್ಚಿಯಿಂದ ನೆಗೆದರು. “ಚೆರ್ರಿ ಜಾಮ್! ಬಾಯಲ್ಲೇ ಇದೆ ನೋಡಮ್ಮ, ಇನ್ನೂ ಆರಿಲ್ಲ!”

ಒಲೆಯ ಹತ್ತಿರದವರೂ ಕೆಲಸ ಬಿಟ್ಟು ಬಂದರು. ಹೆಂಡತಿ ಕೂಗಾಡಲಿಲ್ಲ. “ಮುಖ ನೋಡ್ಕೊಂಡೇ ಸುಳ್ಳು ಹೇಳಿದ್ರಲ್ಲ,” ಎಂದಳು, ಅಷ್ಟೇ. ಕೇಕಣ್ಣ ಅಂಗೈಯಿಂದ ಬಾಯಿ ಮುಚ್ಚಿಕೊಂಡ.

ಮಾವ ಸೇಬನ್ನು ಕೇಕಿನ ಡಬ್ಬದಲ್ಲಿಟ್ಟು, ಸಾಕ್ಷಿ ಹಾಳಾಗಬಾರದೆಂದು ಮೇಲೊಂದು ರಿಬ್ಬನ್ನನ್ನೂ ಕಟ್ಟಿದರು. ಮೂವರೂ ಡಾಕ್ಟರಮ್ಮನ ಮುಂದೆ ಹೋಗಿ ಕೂತರು.

ಡಬ್ಬ ನೋಡಿ ಡಾಕ್ಟರಮ್ಮ, “ಅಯ್ಯೋ, ಇದೆಲ್ಲ ಯಾಕೆ ತಂದ್ರಿ?” ಎಂದು ನಗುತ್ತ ಬಿಚ್ಚಿದರು. ಸೇಬು ಕಂಡಿತು. ನಗು ನಿಂತಿತು. ಕನ್ನಡಕ ಹಾಕಿಕೊಂಡು ಸರಿಯಾಗಿ ನೋಡಿದರು.

“ಇದು ಜಾಮಲ್ಲ, ರಕ್ತ. ಎಲ್ಲಿ, ಬಾಯಿ ತೆಗೀರಿ.”

ಟಾರ್ಚ್ ಬಿಟ್ಟು, ಒಸಡನ್ನು ಒತ್ತಿ ನೋಡಿದರು. ಕೇಕಣ್ಣನ ಎರಡೂ ಕಾಲು ನೆಲ ಬಿಟ್ಟವು.

“ಒಸಡಲ್ಲಿ ಕೀವು ತುಂಬಿದೆ. ದವಡೆ ಹಲ್ಲು ಅಲ್ಲಾಡ್ತಿದೆ. ಇಷ್ಟು ಸೋಂಕು ಬಾಯಲ್ಲಿಟ್ಕೊಂಡ್ರೆ ಶುಗರ್ ಹೇಗ್ರೀ ಇಳಿಯುತ್ತೆ? ಶುಗರ್ ಏರಿದಷ್ಟೂ ಒಸಡು ಕೆಡುತ್ತೆ, ಒಸಡು ಕೆಟ್ಟಷ್ಟೂ ಶುಗರ್ ಏರುತ್ತೆ. ಹೀಗೇ ಬಿಟ್ರೆ ಹೃದಯಕ್ಕೂ ಒಳ್ಳೇದಲ್ಲ. ಬಾಯಿ ಬೇರೆ, ಮೈ ಬೇರೆ ಅಂದ್ಕೊಂಡ್ರಾ? ನಾಳೆನೇ ಹಲ್ಲಿನ ಡಾಕ್ಟರ ಹತ್ರ ಹೋಗಿ.”

ಕೇಕಣ್ಣನ ಕಿವಿಗೆ ಬಿದ್ದದ್ದು ಅರ್ಧ ಮಾತ್ರ. “ಅಂದ್ರೆ ಕೇಕಿಂದ ಅಲ್ಲ! ಕೇಳಿದ್ಯೇನೇ? ಕೇಕಿಂದ ಅಲ್ವಂತೆ!” ಎಂದು ಎದ್ದು ನಿಂತ. ತೂಕ ಸರಿಯಿದ್ದ ತಕ್ಕಡಿ ಸಿಕ್ಕಾಗ ಆಗುತ್ತಿದ್ದ ಬೇಸರವೇ ಈಗಲೂ ಮಾವನಿಗಾಯಿತು. ಯಾವುದೋ ಕೆಲಸ ನೆನಪಾಯಿತೆಂದು ಬಾಗಿಲಲ್ಲೇ ಕಳಚಿಕೊಂಡರು.

ದಾರಿಯುದ್ದಕ್ಕೂ ಕೇಕಣ್ಣ ಎದೆ ಸೆಟೆಸಿಕೊಂಡು ನಡೆದ. ಹೆಂಡತಿ ಈಗ ಕ್ಷಮೆ ಕೇಳುತ್ತಾಳೆ, ಇನ್ನೇನು ಕೇಳುತ್ತಾಳೆ ಎಂದು ಕಾದ. ಅವಳು ಮನೆಗೆ ಬಂದು, ಬಾಗಿಲು ಹಾಕಿ, ಬಾಗಿಲಿಗೇ ಒರಗಿ ನಿಂತಳು.

“ರಕ್ತ ಯಾವಾಗಿಂದ ಬರ್ತಿದೆ?”

“ಈಗೀಗ... ಸ್ವಲ್ಪ...”

“ರೀ.”

“ಹೋದ ವರ್ಷದಿಂದ.”

ಅವಳು ಬೇಸಿನ್ ಕಡೆ ನೋಡಿದಳು. “ಅದಕ್ಕೇನಾ ದಿನಾ ಬೆಳಿಗ್ಗೆ ಬೇಸಿನ್ ತೊಳೀತಿದ್ದದ್ದು? ಬೇಸಿನ್ ತೊಳೆಯೋ ಗಂಡ ಯಾರಿಗೆ ಸಿಗ್ತಾನೆ ಅಂತ ನಮ್ಮಕ್ಕನ ಹತ್ರ ಎಷ್ಟು ಜಂಬ ಕೊಚ್ಕೊಂಡಿದೀನಿ ಗೊತ್ತಾ?”

ಕೇಕಣ್ಣ ಏನೂ ಅಂಟಿರದ ಬೆರಳನ್ನು ಅಂಗಿಗೆ ಒರೆಸಿಕೊಂಡ.

“ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಡಾಕ್ಟರ ಹತ್ರ ಎಳ್ಕೊಂಡು ಹೋಗ್ತಿದ್ದೆ. ಅವರು ಅದಕ್ಕೇನೋ ದೊಡ್ಡ ಹೆಸರು ಹೇಳಿಬಿಟ್ರೆ? ಹೆಸರಿಡೋ ತನಕ ಅದು ಕಾಯಿಲೇನೇ ಅಲ್ಲ ಅಂದ್ಕೊಂಡಿದ್ದೆ.”

“ಕೇಕ್ ಕದ್ದು ತಿಂದಿದ್ರೆ ಎರಡು ದಿನ ಬೈದು ಸುಮ್ನಾಗ್ತಿದ್ದೆ ಕಣ್ರೀ,” ಎಂದಳು. ಕಣ್ಣು ತುಂಬಿತ್ತು. “ಪಕ್ಕದಲ್ಲೇ ಮಲಗೋಳಿಗೆ ಗೊತ್ತಾಗದ ಹಾಗೆ ಒಂದು ವರ್ಷ ರಕ್ತ ಉಗಿದು ತೊಳೆದಿದೀರಲ್ಲ. ಇದಕ್ಕೆ ಏನಂತ ಬೈಲಿ?”

ಅವಳ ಕೋಪವನ್ನು ಬೆಳಗಿನಿಂದ ತಡೆದುಕೊಂಡಿದ್ದ ಕೇಕಣ್ಣನಿಗೆ ಈ ಕಣ್ಣೀರು ತಡೆಯಲಾಗಲಿಲ್ಲ. ಸುತ್ತಮುತ್ತ ನೋಡಿದ. ತಪ್ಪಿಸಿಕೊಳ್ಳಲು ಇದ್ದದ್ದು ಒಂದೇ ದಾರಿ.

“ಅಳ್ಬೇಡ್ವೇ. ನಿಜ ಹೇಳ್ಬಿಡ್ತೀನಿ. ಕೇಕ್ ತಿಂದಿದೀನಿ. ದಿನಾ ತಿಂದಿದೀನಿ. ಚೆರ್ರಿ ಜಾಮ್ ಇರೋದನ್ನೇ ಹುಡುಕಿ ಹುಡುಕಿ ತಿಂದೆ.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು.

“ಸುಳ್ಳು. ಕೇಕ್ ಮುಟ್ಟೋರಲ್ಲ ನೀವು. ಅಷ್ಟೂ ಗೊತ್ತಿಲ್ವಾ ನನಗೆ?”

ಬೆಳಗಿನಿಂದ ಅವನು ಬಾಯಿ ಬಡಿದುಕೊಂಡದ್ದು ಈ ಒಂದು ಮಾತಿಗಾಗಿ.