ಗೇಟಿನ ಪಕ್ಕದ ಚಂದ್ರಕಲಾ

ಊರಿನ ಹೆಸರು ಕಂಡರೆ ಅದರ ಬುಡ ಕೆದಕದೆ ಬಿಡುವ ಜಾಯಮಾನ ನನ್ನದಲ್ಲ. ಶಿವಮೊಗ್ಗ ಅಂದರೆ ಶಿವನ ಮುಖವೋ, ಸಿಹಿ ಮೊಗೆಯೋ? ಇಂಗ್ಲಿಷ್ ಬೋರ್ಡುಗಳಲ್ಲಿ ಅದು ಸೊರಗಿ ಶಿಮೊಗಾ ಆದದ್ದು ಹೇಗೆ? ರಾಗಿಗುಡ್ಡದಲ್ಲಿ ರಾಗಿ ಬೆಳೆದವರು ಯಾರು? ಇವನ್ನೆಲ್ಲ ಸಿಕ್ಕಸಿಕ್ಕವರಿಗೆ ವಿವರಿಸುತ್ತಾ ನಡೆಯುವುದರಿಂದ ನಮ್ಮ ಬಡಾವಣೆ ನವುಲೆಯಲ್ಲಿ ನನ್ನ ಬೆಳಗಿನ ವಾಕಿಂಗಿಗೆ ಜೊತೆಗಾರರು ಉಳಿದಿಲ್ಲ.

ಭದ್ರಾವತಿಯಿಂದ ಬರುವ ಭಾವಮೈದ ರಮೇಶ ಮಾತ್ರ ಕೇಳುತ್ತಾನೆ. ಅಕ್ಕ ಬಡಿಸಿದ ಊಟ ಮುಗಿಯುವವರೆಗೆ ಅವನಿಗೂ ಬೇರೆ ದಾರಿಯಿಲ್ಲ. ಕಳೆದ ಭಾನುವಾರ, "ನಿಮ್ಮೂರು ಮೊದಲು ಬೆಂಕಿಪುರ. ಯಾವ ಬೆಂಕಿ, ಹೇಳು ನೋಡೋಣ?" ಎಂದು ಶುರು ಮಾಡಿದೆ. ಅವನು ನಿಧಾನಕ್ಕೆ ಮಜ್ಜಿಗೆ ಕುಡಿದು, "ಅದಿರ್ಲಿ ಭಾವ, ನಿಮ್ಮ ಗೇಟಿನ ಪಕ್ಕದ ಕಲ್ಲಲ್ಲಿರೋ ಚಂದ್ರಕಲಾ ಯಾರು?" ಅಂದ.

ನನ್ನ ಹೆಂಡತಿಯ ಹೆಸರು ಸುಮಿತ್ರಾ. ಅವಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ನಡೆದದ್ದು ಇಷ್ಟೇ: ನಾವು ಈ ಮನೆ ಕೊಂಡಾಗಲೇ ಕಾಂಪೌಂಡ್ ಗೋಡೆಯಲ್ಲಿ 'ಚಂದ್ರಕಲಾ ನಿಲಯ' ಎಂಬ ಕಲ್ಲಿತ್ತು. ಕೀಳಿಸಿದರೆ ಗೋಡೆ ಬಿರುಕು ಬಿಡುತ್ತದೆಂದು ಬಿಟ್ಟೆ. ಮಾರಿದವರೂ ಇನ್ನೊಬ್ಬರಿಂದ ಕೊಂಡವರೇ.

"ನಂಗೊತ್ತಿಲ್ಲ ಮಾರಾಯ," ಅಂದೆ.

"ಗೊತ್ತಿಲ್ಲ ಅನ್ನೋ ಮಾತು ಇವರ ಬಾಯಲ್ಲಿ ಇವತ್ತೇ ಕೇಳಿದ್ದು ಕಣೋ," ಅಂದಳು ಸುಮಿತ್ರಾ. "ಅದಕ್ಕೇ ನಂಗೆ ಅನುಮಾನ."

ರಮೇಶ ಬೆಂಕಿ ಹಚ್ಚಿ ಬಸ್ಸು ಹತ್ತಿದ. ಸಂಜೆಯ ಕಾಫಿ ಬರಲಿಲ್ಲ. ಮರುದಿನ ಬೆಳಗಿನದೂ ಬರಲಿಲ್ಲ. ಕಾಫಿಯಿಲ್ಲದೆ ನನಗೆ ಇತಿಹಾಸವಿರಲಿ, ಚಪ್ಪಲಿಯೂ ಕಾಣುವುದಿಲ್ಲ. ಎದುರುಮನೆಯ ಗೌರಮ್ಮ ನಮಗಿಂತ ಆಮೇಲೆ ಬಂದವರಾದರೂ ಬೀದಿಯವರೆಲ್ಲರ ಜಾತಕ ಬಲ್ಲವರು. ನನ್ನ ಪರವಾಗಿ ಸಾಕ್ಷಿ ಸಿಕ್ಕೀತೆಂದು ಸುಮಿತ್ರಾಳನ್ನು ಅವರಲ್ಲಿಗೆ ಕರೆದೊಯ್ದು ಕೇಳಿಯೇಬಿಟ್ಟೆ.

ಗೌರಮ್ಮ ನಕ್ಕರು. "ತಮಾಷೆ ಮಾಡ್ತೀರಾ? ಚಂದ್ರಕಲಾ ಅಂದ್ರೆ ಸುಮಿತ್ರಮ್ಮಂದೇ ತವರಿನ ಹೆಸರಲ್ವಾ! ಮದುವೇಲಿ ಹಿರಿಯರು ಹೆಸರು ಬದಲಾಯಿಸಿದ್ರೂ ಯಜಮಾನ್ರಿಗೆ ಹಳೇ ಹೆಸರು ಮರೆಯೋಕಾಗ್ದೆ ಕಲ್ಲಲ್ಲಿ ಕೆತ್ತಿಸಿದಾರೆ. ಬೀದಿಗೆಲ್ಲ ನಾನೇ ಹೇಳಿದೀನಿ. ನಮ್ಮನೆಯವರೂ ಇದಾರೆ, ದಂಡಕ್ಕೆ!"

ನಾನು ತಿದ್ದಲು ಬಾಯಿ ತೆರೆದೆ. ಸುಮಿತ್ರಾ ನನ್ನ ಕಾಲು ತುಳಿದಳು. "ಹೂಂ ಗೌರಮ್ಮ, ಇವರು ಮೊದಲಿಂದ್ಲೂ ಹಂಗೇ," ಎಂದು ನಾಚಿಕೊಂಡಳು. ಮದುವೆಯ ದಿನವೂ ಅವಳು ಅಷ್ಟು ನಾಚಿದ್ದು ನನಗೆ ನೆನಪಿಲ್ಲ.

ಮನೆಗೆ ಬಂದ ಕೂಡಲೇ ಕಾಫಿ ಬಂತು, ಜೊತೆಗೆ ಕೋಡುಬಳೆಯೂ ಬಂತು. ಊರಿನ ಹೆಸರುಗಳ ಕಥೆ ಹೇಗೆ ಹುಟ್ಟುತ್ತದೆಂದು ಇಷ್ಟು ವರ್ಷ ತಲೆ ಕೆಡಿಸಿಕೊಂಡವನಿಗೆ ಅಂದು ಉತ್ತರ ಸಿಕ್ಕಿತು. ನಿಜ ಗೊತ್ತಿದ್ದವನು ಯಾರೋ ಒಬ್ಬ ಕಾಫಿಯ ಆಸೆಗೆ ಬಾಯಿ ಮುಚ್ಚಿಕೊಂಡಿರಬೇಕು.