ನಾಲ್ಕು ತಾಲ್ಲೂಕುಗಳ ತುಟಿಯ ಮೇಲೆ ನನ್ನ ಹೆಸರು

ಒಂದು ವಿಷಯದ ಪರವಾಗಿಯೂ ವಿರೋಧವಾಗಿಯೂ ಒಂದೇ ಹುರುಪಿನಲ್ಲಿ ಮಾತನಾಡಬಲ್ಲವನನ್ನು ಕಾಲೇಜು ಚರ್ಚಾಪಟು ಎಂದು ಕರೆದು ಪಾರಿತೋಷಕ ಕೊಡುತ್ತದೆ. ಅದೇ ಗುಣವನ್ನು ಮನೆಯಲ್ಲಿ ಯಾವ ಹೆಸರಿನಿಂದ ಕರೆಯುತ್ತಾರೆಂಬುದನ್ನು ಇಲ್ಲಿ ಬರೆಯಲಾರೆ. ನನ್ನ ಬಳಿ ಅಂಥ ಹನ್ನೊಂದು ಪಾರಿತೋಷಕಗಳಿವೆ. ಅವುಗಳಲ್ಲಿ ಅತಿ ದೊಡ್ಡದರೊಳಗೆ ನನ್ನ ಹೆಂಡತಿ ಸುಧಾ ಬಟ್ಟೆ ಒಣಹಾಕುವ ಚಿಮಟಿಗಳನ್ನು ಇಡುತ್ತಾಳೆ. ಹನ್ನೊಂದು ಸಲ ಗೆದ್ದವನು ಹನ್ನೆರಡನೆಯ ವಿಷಯದಲ್ಲಿ ಎದುರು ಪಕ್ಷದ ವಾದವನ್ನು ಯೋಚಿಸಿಯೇ ನೋಡಲಿಲ್ಲವೆಂಬುದು ನನ್ನ ತಪ್ಪೊಪ್ಪಿಗೆ. ಆ ಕಾರಣಕ್ಕೆ ಇಂದು ನನ್ನ ಹೆಸರು ನನಗೆ ಪರಿಚಯವೇ ಇಲ್ಲದ ಹೆಂಗಸರ ಬಾಯಲ್ಲಿ ಓಡಾಡುತ್ತಿದೆ.

ಆ ಹನ್ನೆರಡನೆಯ ವಿಷಯವೆಂದರೆ ರೀಲ್ಸು. ಇಂಡಿ ಪಟ್ಟಣದ ನಮ್ಮ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಕಲಿಸುತ್ತೇನೆ. ಕಳೆದ ವರ್ಷ ಒಂದು ಸಂಜೆ ಫೋನು ನೋಡುತ್ತ ಕುಳಿತಾಗ ಒಂದು ಸಂಗತಿ ನನ್ನನ್ನು ಕಲಕಿತು. ಲಿಂಬೆಹಣ್ಣು ಆರಿಸುತ್ತಿದ್ದ ವ್ಯಾಪಾರಿ, ಹೊಸ ಟ್ರ್ಯಾಕ್ಟರಿಗೆ ಪೂಜೆ ಮಾಡುತ್ತಿದ್ದ ಕುಟುಂಬ, ಆಗಷ್ಟೇ ಹುಟ್ಟಿದ ಎಮ್ಮೆಯ ಕರು, ಸೇವೆಯಿಂದ ನಿವೃತ್ತರಾಗುತ್ತಿದ್ದ ಒಬ್ಬ ಗುಮಾಸ್ತರು, ಈ ಎಲ್ಲರ ಹಿಂದೆಯೂ ಒಂದೇ ಹಾಡಿನ ಒಂದೇ ನಾಲ್ಕು ಸಾಲು. ಕರುವಿನ ಸಂತೋಷವೂ ಗುಮಾಸ್ತರ ಸಂಕಟವೂ ಒಂದೇ ರಾಗದಲ್ಲಿ ಹೇಗೆ ಹೊರಬರಲು ಸಾಧ್ಯ? ಮುಂದಿನ ವಾರ ಆ ಹಾಡು ಹೋಗಿ ಇನ್ನೊಂದು ಬಂತು. ಕರು ಮಾತ್ರ ಬೆಳೆದಿತ್ತು. ‘ಬೇರೆಯವರ ದನಿಗೆ ಇಂದು ತುಟಿ ಅಲ್ಲಾಡಿಸುವ ಸಮಾಜ ನಾಳೆ ಬೇರೆಯವರ ಮಾತಿಗೆ ತಲೆಯನ್ನೂ ಅಲ್ಲಾಡಿಸುತ್ತದೆ’ ಎಂಬ ವಾಕ್ಯ ನನಗೆ ಹೊಳೆದದ್ದು ಆಗಲೇ. ಒಳ್ಳೆಯ ವಾಕ್ಯ ಹೊಳೆದ ಮೇಲೆ ಅದನ್ನು ಮನೆಯಲ್ಲಿಯೇ ಇಟ್ಟುಕೊಳ್ಳುವುದು ನನ್ನಿಂದಾಗದು. ‘ಸ್ವಂತ ದನಿ’ ಎಂಬ ಆಂದೋಲನ ಆರಂಭಿಸಿದೆ. ಇಂಡಿಯಲ್ಲಿ ಮಾತನಾಡಿ ಮುಗಿಸಿದ ಮೇಲೆ, ಭಾನುವಾರ ಬಂದರೆ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಬಸ್ಸು ಹತ್ತಿ ಹೋಗಿ ಉಪನ್ಯಾಸ ಕೊಟ್ಟೆ. ಬಾಗೇವಾಡಿಯಲ್ಲಿ ಹೆಚ್ಚು ಹೇಳುವ ಅಗತ್ಯವಿರಲಿಲ್ಲ, ತಮ್ಮ ಮಾತನ್ನು ತಾವೇ ಆಡಿದವರ ನೆಲವದು ಎಂದು ಒಂದೂಕಾಲು ತಾಸು ಹೇಳಿದೆ. ಮುದ್ದೇಬಿಹಾಳದ ವಿದ್ಯಾರ್ಥಿಗಳು ನನ್ನ ಉಪನ್ಯಾಸವನ್ನು ಭಕ್ತಿಯಿಂದ ಚಿತ್ರೀಕರಿಸಿ ಅದೇ ರಾತ್ರಿ ಹಾಕಿದರು. ತೆರೆದು ನೋಡಿದರೆ ನನ್ನ ಕೈ, ನನ್ನ ಕನ್ನಡಕ, ನನ್ನ ಆವೇಶ ಎಲ್ಲ ಇತ್ತು. ದನಿ ಮಾತ್ರ ಆ ವಾರದ ಹಾಡಿನದು.

ಹೊರಗೆ ಸೋತ ಸುಧಾರಕ ಮನೆಯಿಂದ ಆರಂಭಿಸುತ್ತಾನೆ. ನನ್ನ ಅಣ್ಣನ ಮಗಳು ಪಲ್ಲವಿ ನಮ್ಮಲ್ಲಿಯೇ ಇದ್ದು ಡಿಗ್ರಿ ಓದುತ್ತಾಳೆ, ಉಳಿದ ಹೊತ್ತಿನಲ್ಲಿ ರೀಲ್ಸು ಮಾಡುತ್ತಾಳೆ. ಯಾವುದು ಉಳಿದ ಹೊತ್ತೆಂಬುದರ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯವಿದೆ. ಅವಳನ್ನು ಎದುರು ಕೂಡಿಸಿಕೊಂಡು ಮೂರು ಅಂಶಗಳಲ್ಲಿ ವಾದ ಮಂಡಿಸಿದೆ.

“ಕಾಕಾ, ಓಡೂ ಹಾಡು ಹಾಕಲಿಲ್ಲಂದ್ರ ನಮ್ಮ ವಿಡಿಯೋ ಮುಂದ ಹೋಗೂದಿಲ್ಲ. ಅದರ ಬೆನ್ನ ಹತ್ತಿ ನಾವೂ ಓಡಬೇಕು” ಎಂದಳು.

“ಓಡುವವರ ಬೆನ್ನ ಹಿಂದೆಯೇ ಓಡಬೇಕೆಂದು ಯಾರು ಹೇಳಿದರು? ಎರಡನೆಯದಾಗಿ...” ಎಂದು ನಾನು ಮುಂದುವರಿಸುವಷ್ಟರಲ್ಲಿ ಅವಳು ಶರಣಾದಳು. “ಆತು ಬಿಡ್ರಿ ಕಾಕಾ. ಇನ್ನ ಮ್ಯಾಲ ಯಾವ ವಿಡಿಯೋಕ್ಕೂ ಹಾಡ ಹಚ್ಚೂದಿಲ್ಲ. ಯಾರ ದನಿ ಐತೋ ಅದನ್ನ ಬಿಡತೇನಿ.” ಇದನ್ನು ನಾನು ವಿಜಯವೆಂದೇ ದಾಖಲಿಸಿಕೊಂಡೆ. ನನ್ನ ಎರಡನೆಯ ಅಂಶಕ್ಕೆ ಜನ ಒಪ್ಪಿಕೊಳ್ಳುವುದು ಮೂರನೆಯದರಿಂದ ತಪ್ಪಿಸಿಕೊಳ್ಳಲಿಕ್ಕೆ ಎಂದು ಸುಧಾ ಒಳಗಿನಿಂದ ಹೇಳಿದ್ದು ಕೇಳಿಸಿತು, ಅದನ್ನು ದಾಖಲಿಸಿಕೊಳ್ಳಲಿಲ್ಲ.

ಇಲ್ಲಿ ಒಡಪಿನ ವಿಷಯವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಕಡೆ ಹೆಂಡತಿಯಾದವಳು ದಿನದ ಮಾತಿನಲ್ಲಿ ಗಂಡನ ಹೆಸರು ಹಿಡಿಯುವುದಿಲ್ಲ. ಮದುವೆ, ಬಸುರಿಗೆ ಮಾಡುವ ಕುಬಸದಂಥ ಕಾರ್ಯಗಳಲ್ಲಿ ಮಾತ್ರ ಹೆಂಗಸರು ಅವಳನ್ನು ಬಾಗಿಲಲ್ಲಿ ತಡೆದು ಹೆಸರು ಹೇಳೆಂದು ಹಟ ಹಿಡಿಯುತ್ತಾರೆ. ಆಗ ಅವಳು ಪ್ರಾಸವಿರುವ ಎರಡು ಸಾಲು ಕಟ್ಟಿ, ಆ ಸಾಲಿನೊಳಗೆ ಗಂಡನ ಹೆಸರನ್ನು ಸಿಕ್ಕಿಸಿ, ನಾಚಿ, ಒಳಗೆ ಹೋಗುತ್ತಾಳೆ. ಅದೇ ಒಡಪು. ಗಂಡನೂ ಹೆಂಡತಿಯ ಹೆಸರು ಹೇಳಬೇಕಾಗುತ್ತದೆ. ನನ್ನ ಮದುವೆಯಲ್ಲಿ ನನ್ನನ್ನೂ ತಡೆದಿದ್ದರು. ಯಾರೋ ಕಟ್ಟಿದ ಪ್ರಾಸಕ್ಕೆ ಹೆಂಡತಿಯ ಹೆಸರನ್ನು ಜೋಡಿಸುವುದು ಅವಳ ವ್ಯಕ್ತಿತ್ವಕ್ಕೆ ಮಾಡುವ ಅಪಚಾರವೆಂದು ನಾನು ಹೊಸ್ತಿಲ ಆಚೆಯೇ ನಿಂತು ವಿವರಿಸಿದೆ. ಸುಧಾ ಆ ವಿವರಣೆಯನ್ನು ಪಕ್ಕದಲ್ಲಿಯೇ ನಿಂತು ಕೇಳಿದಳು. ಅದಾಗಿ ಇಪ್ಪತ್ತೆರಡು ವರ್ಷಗಳಾದವು. ಅವಳ ಉತ್ತರ ಹೋದ ಚಳಿಗಾಲದಲ್ಲಿ ಬಂತು.

ಸಿಂದಗಿಯಲ್ಲಿ ಅವಳ ಅಕ್ಕನ ಮಗಳ ಕುಬಸ. ಬಾಗಿಲಲ್ಲಿ ಹೆಂಗಸರು ತಡೆದರು. ಸುಧಾ ಒಂದು ಕ್ಷಣವೂ ಯೋಚಿಸದೆ ರಾಗವಾಗಿ ಹೇಳಿದಳು:

“ಇಂಡಿ ಲಿಂಬಿಹಣ್ಣು ಹಿಂಡಿದರ ಬಟ್ಟಲ ತುಂಬ ರಸ,
ಗುರುನಾಥರಾಯರು ಮೈಕ ಹಿಡದರ ಒಂದೂವರಿ ತಾಸ.”

ಹೆಂಗಸರು ಬಿದ್ದು ಬಿದ್ದು ನಕ್ಕರು. ಪಲ್ಲವಿ ಚಿತ್ರೀಕರಿಸಿದಳು. ಹಿಂದಿನ ಪಲ್ಲವಿಯಾಗಿದ್ದರೆ ಅದರ ಮೇಲೊಂದು ಹಾಡು ಹಚ್ಚಿ ಬಿಡುತ್ತಿದ್ದಳು. ನನ್ನ ಹೆಸರು ಆ ಹಾಡಿನ ಕೆಳಗೆ ನೆಮ್ಮದಿಯಾಗಿ ಮುಚ್ಚಿಹೋಗುತ್ತಿತ್ತು. ಆದರೆ ಈಕೆ ನಾನು ತಿದ್ದಿದ ಪಲ್ಲವಿ. ತನ್ನ ಕಾಕು ಸುಧಾಳ ದನಿಯನ್ನು ಇದ್ದಂತೆಯೇ ಬಿಟ್ಟಳು. ಹಾಗೆ ಬಿಟ್ಟ ದನಿಯನ್ನು ಯಾರು ಬೇಕಾದರೂ ಎತ್ತಿಕೊಂಡು ತಮ್ಮ ವಿಡಿಯೋಗೆ ಹಚ್ಚಿಕೊಳ್ಳಬಹುದೆಂಬುದು ನನ್ನ ಮೂರು ಅಂಶಗಳಲ್ಲಿ ಎಲ್ಲಿಯೂ ಇರಲಿಲ್ಲ.

ಎರಡೇ ವಾರ. ಸಿಂದಗಿಯ ಒಬ್ಬಾಕೆ ಸೋಫಾದ ಮೇಲೆ ಮಲಗಿ ಗೊರಕೆ ಹೊಡೆಯುವ ಗಂಡನನ್ನು ತೋರಿಸುತ್ತ ಆ ದನಿಗೆ ತುಟಿ ಅಲ್ಲಾಡಿಸಿದಳು. ಬಾಗೇವಾಡಿಯ ಒಬ್ಬ ಶಿಕ್ಷಕಿ ತಮ್ಮ ಶಾಲೆಯ ಸಭೆಯ ಖಾಲಿ ಕುರ್ಚಿಗಳನ್ನು ತೋರಿಸಿದರು. ಮುದ್ದೇಬಿಹಾಳದ ಒಂದು ಮನೆಯಲ್ಲಿ ಗುರುನಾಥರಾಯರ ಪಾತ್ರವನ್ನು ನಿಲ್ಲದೆ ಸದ್ದು ಮಾಡುವ ಹಳೆಯ ಮಿಕ್ಸರ್ ವಹಿಸಿತ್ತು. ಸಾಲೋಟಗಿಯ ಒಂದು ಹುಂಜವೂ ನಾನಾಗಿದ್ದೆ. ತರಗತಿಗೆ ಹೋದರೆ ಮಕ್ಕಳು ಗಡಿಯಾರ ನೋಡಿ ಕೆಮ್ಮುತ್ತಿದ್ದರು. ಇಷ್ಟೆಲ್ಲವನ್ನೂ ನಾನು ಸಾರ್ವಜನಿಕ ಜೀವನದ ಸುಂಕವೆಂದು ತಿಳಿದು ಸಹಿಸಿದೆ.

ಸಹಿಸಲಾಗದ ಸುದ್ದಿ ದೇವಣಗಾಂವದಿಂದ ಬಂತು. ಭಾಗ್ಯಶ್ರೀ ಎಂಬಾಕೆ ನನ್ನ ಹಳೆಯ ವಿದ್ಯಾರ್ಥಿನಿ; ಚರ್ಚೆಗೆ ನಾನೇ ತಯಾರು ಮಾಡಿದ ಚುರುಕು ಹುಡುಗಿ. ಮದುವೆಯಾಗಿ ಆ ಊರಿಗೆ ಹೋಗಿ, ಮನೆಯಿಂದಲೇ ಬಿ.ಎ. ಕೊನೆಯ ವರ್ಷ ಓದುತ್ತಿದ್ದಳು. ಪಕ್ಕದ ಮನೆಯವರ ಫೋನಿನಿಂದ ಮೆಲುದನಿಯಲ್ಲಿ ಮಾತನಾಡಿದಳು. “ಸರ್, ನಾನೂ ನಿಮ್ಮ ಆ ಒಡಪಿಗೆ ವಿಡಿಯೋ ಮಾಡಿದ್ನಿರಿ. ನಮ್ಮತ್ತಿ ನೋಡಿ ಫೋನ್ ಕಸಗೊಂಡು ಟ್ರಂಕಿನ್ಯಾಗ ಇಟ್ಟು ಕೀಲಿ ಹಾಕ್ಯಾರ. ನನ್ನ ಪಾಠ ಎಲ್ಲಾ ಅದರಾಗ ಅದಾವ್ರಿ. ಪರೀಕ್ಷಾಕ್ಕ ಹದಿನೈದು ದಿನ ಉಳದಾವ.”

ಅವಳ ಗಂಡನಿಗೆ ಗೆಳೆಯರು ‘ನಿನ್ನ ಹೆಸರು ಗುರುನಾಥರಾಯ ಯಾವಾಗ ಆತೋ’ ಎಂದು ಕೇಳಿದ್ದರಂತೆ. ಅವನು ನಕ್ಕು ಸುಮ್ಮನಾದ. ಅತ್ತೆ ಶಿವಗಂಗವ್ವ ನಗಲೂ ಇಲ್ಲ, ಸುಮ್ಮನಾಗಲೂ ಇಲ್ಲ. ನನ್ನ ಹೆಸರಿನ ದೆಸೆಯಿಂದ ಒಂದು ಹುಡುಗಿಯ ಪದವಿ ಟ್ರಂಕಿನೊಳಗೆ ಬಿದ್ದಿದೆ ಎಂದರೆ ನಾನು ಹೋಗದಿರುವುದು ಹೇಗೆ? ಐದು ಅಂಶಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೊರಟೆ. ಸುಧಾ ತಾನೂ ಬರುವುದಾಗಿ ಹೇಳಿದಳು. ಒಡಪು ಅವಳದು, ಹೆಸರು ನನ್ನದು, ಇಬ್ಬರೂ ಆರೋಪಿಗಳೇ.

ಶಿವಗಂಗವ್ವ ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂಡಿಸಿದರು. ಅಕ್ಕಪಕ್ಕದ ನಾಲ್ಕಾರು ಹೆಂಗಸರು ಆಗಲೇ ಬಂದು ಬಾಗಿಲಲ್ಲಿ ಕುಳಿತಿದ್ದರು. ಭಾಗ್ಯಶ್ರೀ ಕಂಬದ ಹತ್ತಿರ ನಿಂತಿದ್ದಳು.

“ನೋಡ್ರಿ ಅವ್ವಾರ, ಮೊದಲನೆಯದಾಗಿ...” ಎಂದೆ.

“ಮೊದಲನೇದ ಇರಲಿ, ಚಾ ಕುಡೀರಿ ಮಾಸ್ತರ” ಎಂದರು.

ಚಹ ಮುಗಿಯಿತು. “ಅದು ಅವಳ ದನಿಯಲ್ಲ. ನನ್ನ ಹೆಂಡತಿಯ ದನಿ. ನಿಮ್ಮ ಸೊಸೆ ಬರೀ ತುಟಿ ಅಲ್ಲಾಡಿಸಿದ್ದಾಳೆ. ಹೆಸರು ಹೇಳಿದವಳು ಆಕೆ ಅಲ್ಲವೇ ಅಲ್ಲ” ಎಂದೆ. ಯಾವ ‘ತುಟಿ ಅಲ್ಲಾಡಿಸುವಿಕೆ’ಯ ವಿರುದ್ಧ ನಾಲ್ಕು ತಾಲ್ಲೂಕು ಸುತ್ತಿದ್ದೆನೋ ಅದನ್ನೇ ನಿರಪರಾಧವೆಂದು ಸಮರ್ಥಿಸುತ್ತಿದ್ದೇನೆಂಬುದು ಮಾತು ಬಾಯಿಂದ ಬಿದ್ದ ಮೇಲೆ ತಿಳಿಯಿತು.

“ತುಟಿ ಯಾರದ್ರಿ? ನಮ್ಮ ಸೊಸಿದು” ಎಂದರು ಶಿವಗಂಗವ್ವ. “ಮಾಸ್ತರ, ನಾ ಈ ಮನಿಗೆ ಬಂದು ಮೂವತ್ತಾರು ವರ್ಷ ಆತು. ನಮ್ಮ ಮನಿಯವರ ಹೆಸರು ಭಾಳಂದ್ರ ಆರ ಸಲ ತಗೊಂಡೇನಿ. ಈಕಿ ಒಂದ ಮಧ್ಯಾಹ್ನದಾಗ ನಿಮ್ಮ ಹೆಸರು ಎಂಟ ಸಲ ತಗೊಂಡಾಳ. ಯಾಕಂತ ಕೇಳಿದ್ರ, ಚೊಲೋ ಬರೂತನ ಮತ್ತ ಮತ್ತ ಮಾಡಬೇಕಂತ.”

“ಹೆಸರು ಬಂದಾಗ ನಾ ಬಾಯಿಗೆ ಸೆರಗ ಅಡ್ಡ ಹಿಡದೇನ್ರಿ ಅತ್ತಿ” ಎಂದಳು ಭಾಗ್ಯಶ್ರೀ.

“ಅದಕ್ಕ ನಾಚಿಕಿ ಅಂತಾರ. ಮಂದಿ ಗಂಡನ ಹೆಸರಿಗೆ ನೀ ಯಾಕ ನಾಚೂದು?”

ಬಾಗಿಲಲ್ಲಿದ್ದವರು ನಕ್ಕರು. ಚೀಟಿಯಲ್ಲಿ ಇನ್ನೂ ನಾಲ್ಕು ಅಂಶಗಳಿದ್ದವು. ಯಾವುದೂ ಈ ಪ್ರಶ್ನೆಯ ಹತ್ತಿರಕ್ಕೂ ಬರುವಂತಿರಲಿಲ್ಲ. ಶಿವಗಂಗವ್ವ ನನ್ನನ್ನು ಬಿಟ್ಟು ಸುಧಾಳ ಕಡೆ ತಿರುಗಿದರು. “ಬಾಯಾರ, ಇವರು ನಿಮ್ಮ ಹೆಸರು ಒಡಪಿನ್ಯಾಗ ಎಂದರ ತಗೊಂಡಾರೇನ್ರಿ?”

“ಇಲ್ರಿ. ಮದವ್ಯಾಗ ಹೇಳ್ರಿ ಅಂದಾಗ ಭಾಷಣ ಮಾಡಿದ್ರು.”

“ಏನಂತ ಮಾಡಿದ್ರು?”

“ನೆನಪಿಲ್ರಿ. ಅದು ಮುಗಿಯೂದ್ರಾಗ ಅನ್ನ ಆರಿತ್ತು.”

ಶಿವಗಂಗವ್ವ ಮತ್ತೆ ನನ್ನ ಕಡೆ ತಿರುಗಿದರು. ಕಳೆದುಹೋದ ದನದ ಜಾಡು ಸಿಕ್ಕವರ ಹಾಗೆ ಅವರ ಮುಖ ಸಡಿಲವಾಯಿತು. “ಹಂಗಾದ್ರ ಹಿಂಗ ಮಾಡ್ರಿ ಮಾಸ್ತರ. ಇಷ್ಟ ಮಂದಿ ಮುಂದ ನೀವು ನಿಮ್ಮ ಹೇಣ್ತಿ ಹೆಸರ ತಗೋರಿ. ನಮ್ಮ ಸೊಸಿ ಹಿಡದ ಹೆಸರಿಗೆ ಮಾಲಕರು ಬ್ಯಾರೇ ಅದಾರ ಅಂತ ಊರಿಗೆ ತಿಳೀಲಿ. ಆಮ್ಯಾಲ ಫೋನ್ ಕೊಡತೇನಿ.” ಹಾಗೆ ಹೇಳಿ ಒಳಗೆ ಹೋಗಿ, ಟ್ರಂಕು ತೆರೆದು, ಫೋನು ತಂದು ತಮ್ಮ ತೊಡೆಯ ಮೇಲಿಟ್ಟುಕೊಂಡರು.

ಎರಡೇ ಸಾಲು. ವಿಷಯ ಕೊಟ್ಟ ಐದು ನಿಮಿಷಕ್ಕೆ ವೇದಿಕೆ ಏರುತ್ತಿದ್ದವನು ನಾನು. ಎದ್ದು ನಿಂತೆ. ಭಾಗ್ಯಶ್ರೀ ನನ್ನನ್ನು ನೋಡುತ್ತಿದ್ದ ರೀತಿ, ತನ್ನ ಗುರು ಅಂತಿಮ ಸುತ್ತಿಗೆ ಬಂದಿದ್ದಾರೆ ಎಂಬಂತಿತ್ತು. ಗಂಟಲು ಸರಿಪಡಿಸಿಕೊಂಡು, “ಪರಸ್ಪರ ಗೌರವವೇ ದಾಂಪತ್ಯದ ಬುನಾದಿಯಾಗಿರುವ ಕಾರಣ...” ಎಂದು ಆರಂಭಿಸಿದೆ. ಪ್ರಾಸ ಎಲ್ಲಿಂದ ತರುವುದೆಂದು ತೋಚದೆ ಅಲ್ಲಿಯೇ ನಿಂತೆ.

“ಇದು ಒಡಪಲ್ರಿ, ತಹಶೀಲ್ದಾರರಿಗೆ ಕೊಡೂ ಅರ್ಜಿ” ಎಂದಳು ಬಾಗಿಲಲ್ಲಿದ್ದ ಒಬ್ಬಾಕೆ.

ಆಗ ಶಿವಗಂಗವ್ವ ಎದ್ದು ಬಂದು, ಮದುವೆಯಲ್ಲಿ ಮದುಮಗಳ ಬೆನ್ನ ಹಿಂದೆ ಸೋದರತ್ತೆ ನಿಲ್ಲುವಂತೆ ನನ್ನ ಹಿಂದೆ ನಿಂತರು. “ನಾ ಹೇಳತೇನಿ, ನೀವು ಬಾಯಿ ಅಲ್ಲಾಡಸ್ರಿ” ಎಂದು ಕಿವಿಯ ಹತ್ತಿರ ಹೇಳಿಕೊಟ್ಟರು. ಅವರು ಹೇಳಿದಂತೆ ನಾನು ಹೇಳಿದೆ:

“ಭೀಮಾ ಹೊಳಿಗೆ ನೀರು ಬಂದರ ದಂಡಿ ತುಂಬ ನೊರಿ,
ಸುಧಾ ಒಂದ ಮಾತ ಅಂದರ ನನ್ನ ಭಾಷಣಕ್ಕ ತೆರಿ.”

ಹೆಂಗಸರು ಚಪ್ಪಾಳೆ ತಟ್ಟಿದರು. ಹನ್ನೊಂದು ಪಾರಿತೋಷಕಗಳಿಗೂ ಅಂಥ ಚಪ್ಪಾಳೆ ಬಿದ್ದದ್ದು ನೆನಪಿಲ್ಲ. ಸುಧಾ ಮುಖಕ್ಕೆ ಸೆರಗು ಹಿಡಿದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ನನ್ನ ಮಾತಿಗೆ ನಾಚಿದ್ದು ಅದೇ ಮೊದಲು, ಮಾತು ನನ್ನದಾಗಿರಲಿಲ್ಲ. ಇದು ನೀವೇ ಕಟ್ಟಿದ್ದೇ ಎಂದು ಶಿವಗಂಗವ್ವನನ್ನು ಕೇಳಿದೆ. “ಎಲ್ಲೀದು ಬಿಡ್ರಿ. ನನಗ ನಮ್ಮ ಸ್ವಾದರತ್ತಿ ಹೇಳಿಕೊಟ್ಟಿದ್ಲು, ಆಕಿಗೆ ಯಾರ ಹೇಳಿದ್ರೋ. ಅದರಾಗ ಭಾಷಣ ಇದ್ದಿದ್ದಿಲ್ಲ, ಸಿಟ್ಟು ಅಂತಿತ್ತು. ಹೆಸರು ಬದಲ ಮಾಡಿದ್ರ ಯಾರದ ಬೇಕಾದ್ರೂ ಆಗತೈತಿ” ಎಂದರು. ಒಡಪೆಂದರೆ ಅಜ್ಜಿಯರ ಕಾಲದಿಂದ ಓಡುತ್ತ ಬಂದ ದನಿ, ಹೆಸರಿನ ಜಾಗವೊಂದನ್ನು ಮಾತ್ರ ಖಾಲಿ ಬಿಟ್ಟು ಎಲ್ಲರೂ ತುಟಿ ಅಲ್ಲಾಡಿಸುತ್ತ ಬಂದಿದ್ದಾರೆ. ಎದುರು ಪಕ್ಷದ ಈ ವಾದ ಇಷ್ಟು ಸರಳವಾಗಿತ್ತು. ಆದರೆ ಫೋನಿನ ದನಿಯಲ್ಲಿ ಆ ಖಾಲಿ ಜಾಗ ಇರುವುದಿಲ್ಲ, ಒಬ್ಬಳ ಗಂಡನ ಹೆಸರೇ ಎಲ್ಲರ ತುಟಿಗೂ ಅಂಟುತ್ತದೆ. ಶಿವಗಂಗವ್ವನ ಸಿಟ್ಟೂ ಅಷ್ಟೇ ಸರಳವಾಗಿತ್ತು.

ಫೋನು ಭಾಗ್ಯಶ್ರೀಯ ಕೈಗೆ ಬಂದಿತ್ತು. ಪಾಠ ತೆರೆಯುತ್ತಿದ್ದಾಳೆಂದುಕೊಂಡೆ. ಅವಳು ನನ್ನ ಒಡಪನ್ನು ಎರಡನೆಯ ಸಲ ಹೇಳಿಸಿ, ಚೊಲೋ ಬರಲಿಲ್ಲವೆಂದು ಮೂರನೆಯ ಸಲವೂ ಹೇಳಿಸಿ, ಅತ್ತೆಯ ಒಪ್ಪಿಗೆ ಪಡೆದು, ಯಾವ ಹಾಡನ್ನೂ ಹಚ್ಚದೆ ಅಲ್ಲಿಂದಲೇ ಬಿಟ್ಟಳು. ಎಷ್ಟಾದರೂ ನನ್ನ ಶಿಷ್ಯೆ. ಪರೀಕ್ಷೆಯನ್ನೂ ಬರೆದಳು, ಚೆನ್ನಾಗಿಯೇ ಬರೆದಿದ್ದಾಳಂತೆ. ಹೇಳಿದವನು ನಾನಾದರೂ ಆ ವಿಡಿಯೋದ ಕೆಳಗೆ ‘ಮೂಲ ದನಿ’ ಎಂದು ಬರೆದು ಅವಳ ಹೆಸರಿದೆ. ಮಾತು ಶಿವಗಂಗವ್ವನ ಸೋದರತ್ತೆಯದು, ಹೆಸರು ಸುಧಾಳದು. ನನ್ನ ಸ್ವಂತದ್ದೆನ್ನಬಹುದಾದದ್ದು ಅದರಲ್ಲಿ ತುಟಿ ಮಾತ್ರ.

ಈಗ ಅದೂ ಓಡುತ್ತಿದೆ. ನಿನ್ನೆ ಮೋರಟಗಿಯ ಒಬ್ಬ ತರುಣ, ತೆಳ್ಳಗೆ ಮೀಸೆ ಬಿಟ್ಟವನು, ಹೊಲದ ಬದುವಿನ ಮೇಲೆ ನಿಂತು ಎದೆಯ ಮೇಲೆ ಕೈಯಿಟ್ಟು ನನ್ನ ದನಿಗೆ ತುಟಿ ಅಲ್ಲಾಡಿಸುತ್ತಿದ್ದ. ಸುಧಾ ಎಂಬ ಮಾತು ಬಂದಾಗ ಕಣ್ಣು ಮುಚ್ಚಿ ಮುಗುಳ್ನಕ್ಕ. ನಾನು ಅದನ್ನು ಎರಡು ಸಲ ನೋಡಿದೆ. ನಂತರ ಅಡುಗೆಮನೆಗೆ ಹೋಗಿ, ಮಂದಿಯ ಹೆಂಡತಿಯ ಹೆಸರಿಗೆ ಇವನೇಕೆ ನಗಬೇಕು ಎಂದು ಕೇಳಿದೆ. ಸುಧಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ನಮ್ಮ ಟ್ರಂಕಿನ ಕೀಲಿ ಗೂಡಿನ್ಯಾಗ ಐತಿ, ತಗೋರಿ” ಎಂದಳು.